ಲೆಕ್ಕದ ಪತ್ರಿಕೆಗೆ ಫೋಟೋ ಅಂಟಿಸಬೇಡಿ

ಕೇಳುಗರಿಗೆ ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಗಣಿತ ಕಲಿಸುವ ಮಾಸ್ತರು, ಅಕ್ಕೋರು ಎಲ್ಲ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಹೇಳುವುದು ಒಂದೇ. ವರ್ಡ್‌ನಲ್ಲಿ ಪ್ರಶ್ನೆಪತ್ರಿಕೆ ಮಾಡುವಾಗ ಸಮೀಕರಣವನ್ನು ಸಮೀಕರಣವಾಗಿಯೇ ಹಾಕಿ. ಪುಸ್ತಕದ ಫೋಟೋ ಹೊಡೆದು ಅಂಟಿಸಬೇಡಿ, ಸ್ಪೇಸ್ ಒತ್ತಿ ಒತ್ತಿ ಅಂಕಿ ಹೊಂದಿಸಬೇಡಿ.

ಅಂಕೋಲಾ ಕಡೆಯ ಒಂದು ಹೈಸ್ಕೂಲಿನಲ್ಲಿ ಆದದ್ದು ಕೇಳಿ. ಹತ್ತನೇ ತರಗತಿಯ ಕಿರುಪರೀಕ್ಷೆ. ಎಕ್ಸ್ ವರ್ಗ ಪ್ಲಸ್ 5 ಎಕ್ಸ್ ಪ್ಲಸ್ 6 ಸಮ ಸೊನ್ನೆ, ಮೂಲಗಳನ್ನು ಕಂಡುಹಿಡಿಯಿರಿ ಎಂದು ಪ್ರಶ್ನೆ. ಟೈಪ್ ಮಾಡಿದವರು ಎಕ್ಸ್ ಪಕ್ಕದಲ್ಲಿ 2 ಹೊಡೆದು ಮುಂದೆ ಹೋಗಿಬಿಟ್ಟಿದ್ದರು. ಆ 2 ಮೇಲೆ ಏರಲೇ ಇಲ್ಲ. ಒಬ್ಬಳು ಹುಡುಗಿ ಅದನ್ನು 2 ಎಕ್ಸ್ ಎಂದೇ ಓದಿದಳು. 2 ಎಕ್ಸ್‌ಗೆ 5 ಎಕ್ಸ್ ಕೂಡಿಸಿ 7 ಎಕ್ಸ್ ಮಾಡಿದಳು, ಮೈನಸ್ 6ನ್ನು 7ರಿಂದ ಭಾಗಿಸಿ ಉತ್ತರ ಬರೆದಳು. ಒಂದು ಹೆಜ್ಜೆಯೂ ತಪ್ಪಿಲ್ಲ! ಆದರೆ ಅಕ್ಕೋರಿಗೆ ಬೇಕಿದ್ದದ್ದು ಮೈನಸ್ 2 ಮತ್ತು ಮೈನಸ್ 3. ಸೊನ್ನೆ ಬಿತ್ತು. ಹುಡುಗಿ ಪತ್ರಿಕೆ ಹಿಡಿದು ಬಂದು, "ಅಕ್ಕೋರೇ, ಇದರಲ್ಲಿ ವರ್ಗ ಎಲ್ಲದೆ?" ಎಂದಳು. ಅಕ್ಕೋರು ನೋಡಿದರು, ಪೂರ್ತಿ ಅಂಕ ಕೊಟ್ಟರು. ತಿದ್ದೋಣವೆಂದು ಫೈಲ್ ತೆರೆದರೆ ಮುಂದಿನ ಲೆಕ್ಕಗಳೆಲ್ಲ ಫೋಟೋ. ಝೆರಾಕ್ಸ್‌ನಲ್ಲಿ ಒಂದು ಮೈನಸ್ ಗೆರೆ ಅಳಿಸಿಹೋಗಿತ್ತು, ಅದನ್ನು ಸರಿಪಡಿಸಲೂ ದಾರಿಯಿಲ್ಲ. ಮಕ್ಕಳ ಅಂಕದ ಪ್ರಶ್ನೆ ಇದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಮಯ ಸರಿಯುತ್ತಿದೆ, ಮಾಡುವ ರೀತಿಗೆ ಬರುತ್ತೇನೆ. ಆಲ್ಟ್ ಕೀ ಹಿಡಿದು ಸಮ ಚಿಹ್ನೆಯ ಕೀ ಒತ್ತಿ. ಸಮೀಕರಣದ ಚೌಕ ತೆರೆಯುತ್ತದೆ. ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುತ್ತಿದ್ದರೆ ಮೊದಲು ಇಂಗ್ಲಿಷ್‌ಗೆ ಬನ್ನಿ. ಎಕ್ಸ್ ಹೊಡೆಯಿರಿ, ಶಿಫ್ಟ್ ಹಿಡಿದು 6 ಒತ್ತಿ, ಆಮೇಲೆ 2, ಆಮೇಲೆ ಸ್ಪೇಸ್. 2 ತಾನಾಗಿ ಮೇಲೇರಿ ಕೂರುತ್ತದೆ. ಎ, ಓರೆಗೆರೆ, ಬಿ, ಸ್ಪೇಸ್ ಒತ್ತಿದರೆ ಭಿನ್ನರಾಶಿ. ಬ್ಯಾಕ್‌ಸ್ಲ್ಯಾಶ್ ಹಾಕಿ ಎಸ್‌ಕ್ಯೂಆರ್‌ಟಿ ಬರೆದು ಸ್ಪೇಸ್ ಒತ್ತಿದರೆ ವರ್ಗಮೂಲ. ತಿದ್ದಬೇಕೆ? ಅದರ ಮೇಲೆ ಕ್ಲಿಕ್ ಮಾಡಿ, 5 ಅಳಿಸಿ 7 ಹಾಕಿ. ಆಯಿತು! ಫೋಟೋದಲ್ಲಿ ಇದು ಸಾಧ್ಯವೇ ಹೇಳಿ.

ವರ್ಡ್‌ನಲ್ಲಿ ಮೊದಲು ಸಮೀಕರಣ ಬರೆಯಲು ಇದ್ದ ಹಳೆಯ ಈಕ್ವೇಶನ್ ಎಡಿಟರ್ 3.0ರಲ್ಲಿ ಮಾಡಿದ ಪತ್ರಿಕೆ ಇಟ್ಟುಕೊಂಡವರು ಹೊಸದಾಗಿ ಟೈಪ್ ಮಾಡಿಕೊಳ್ಳಿ. ಭದ್ರತೆಯ ದೋಷ ಇದ್ದದ್ದರಿಂದ ಮೈಕ್ರೋಸಾಫ್ಟ್ ಅದನ್ನು 2018ರ ಜನವರಿಯಲ್ಲಿ ತೆಗೆದುಹಾಕಿದೆ. ಫೈಲನ್ನು ಡಾಕ್ಸ್ ಆಗಿಯೇ ಉಳಿಸಿ. ಹಳೆಯ ಡಾಕ್ ಮಾದರಿಯಲ್ಲಿ ಉಳಿಸಿದರೆ ಸಮೀಕರಣ ಮತ್ತೆ ಚಿತ್ರವಾಗುತ್ತದೆ, ನಮಗೆ ಬೇಡವಾದದ್ದು ಅದೇ. ಶಾಲೆಯಲ್ಲಿ ವರ್ಡ್ ಬದಲು ಲಿಬ್ರೆಆಫೀಸ್ ಇದ್ದರೆ ಇನ್ಸರ್ಟ್ ಮೆನುವಿನ ಓಎಲ್ಇ ಆಬ್ಜೆಕ್ಟ್‌ನಲ್ಲಿ ಫಾರ್ಮುಲಾ ಇದೆ. ಅಲ್ಲಿ ಎ ಓವರ್ ಬಿ ಎಂದು ಬರೆದರೆ ಭಿನ್ನರಾಶಿ ಬರುತ್ತದೆ, ತಿದ್ದಲು ಎರಡು ಬಾರಿ ಕ್ಲಿಕ್ಕಿಸಿ. ಮುಂದಿನ ಪರೀಕ್ಷೆಯ ಪತ್ರಿಕೆಯಿಂದಲೇ ಶುರು ಮಾಡಿ. ನಮಸ್ಕಾರ.