ಥಿಯೊಡೋರಾಳ ಕಿವಿಯ ಪಕ್ಕದ ಮುತ್ತುಗಳು

ಟಕ್. ಟಕ್. ಟಕ್. ಹಿನ್ನೆಲೆಯಲ್ಲಿ ಕೇಳುತ್ತಿರುವುದು ಮ್ಯೂಸಿಕ್ ಅಲ್ಲ, ನಾನು ಗಾಜು ಒಡೆಯುತ್ತಿರುವ ಸದ್ದು. ಮೊಸಾಯಿಕ್ ಕಲಿಯುತ್ತಿದ್ದೇನೆ, ಅಂದರೆ ಗಾಜಿನ ಚೂರು ಜೋಡಿಸಿ ಚಿತ್ರ ಮಾಡುವ ಕೆಲಸ.

ಊರು ರವೆನ್ನಾ, ಇಟಲಿ. ಈ ಕಾರ್ಯಾಗಾರದಿಂದ ಸ್ವಲ್ಪ ನಡೆದರೆ ಸಾನ್ ವಿಟಾಲೆ ಚರ್ಚ್. 547ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿ ಎದುರುಬದುರು ಗೋಡೆಗಳ ಮೊಸಾಯಿಕ್‌ನಲ್ಲಿ ಗಂಡ ಹೆಂಡತಿ ನಿಂತಿದ್ದಾರೆ. ಈ ಕಡೆ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಜಸ್ಟಿನಿಯನ್, ಆ ಕಡೆ ಥಿಯೊಡೋರಾ. ಕರಡಿ ನೋಡಿಕೊಳ್ಳುವವನ ಮಗಳು, ಮೊದಲು ನಾಟಕದವಳು, ಆಮೇಲೆ ಮಹಾರಾಣಿ. ಚರ್ಚ್ ಪ್ರತಿಷ್ಠೆಯಾದ ಮರುವರ್ಷವೇ ತೀರಿಕೊಂಡಳು. ಈ ಊರಿಗೆ ಒಮ್ಮೆಯೂ ಬಂದವಳಲ್ಲ.

ಅವಳ ಮುಖ ಮಾಡುತ್ತೇನೆ ಅಂತ ನಾನು ಹೊರಟಿದ್ದೆ. ಕಲಿಸುವ ಮೇಡಂ ನಕ್ಕರು. ಮುಖಕ್ಕೆ ಬೇಕಾದ ಚೂರುಗಳು ತೀರಾ ಚಿಕ್ಕವು, ಮೊದಲ ಸಲಕ್ಕೆ ಬೇಡ ಎಂದರು. ಕೊನೆಗೆ ಸಿಕ್ಕಿದ್ದು ಕಿರೀಟದಿಂದ ಇಳಿಬಿದ್ದ ಮುತ್ತಿನ ಸರ, ಅದರ ಹಿಂದಿನ ಚಿನ್ನದ ಪ್ರಭೆ. ಅಗಲ ಒಂದು ಗೇಣು ಅಷ್ಟೇ.

ಈಗ ಕೈ ನೋಡಿ. ಮರದ ದಿಮ್ಮಿಯಲ್ಲಿ ಒಂದು ಉಳಿ, ಬಾಯಿ ಮೇಲೆ ಮಾಡಿಕೊಂಡು ನಿಂತಿದೆ. ಇದು ತಾಲ್ಯೋಲೊ. ಎರಡೂ ತುದಿ ಚೂಪಾದ ಈ ಬಾಗಿದ ಸುತ್ತಿಗೆ ಮಾರ್ತೆಲ್ಲಿನಾ. ಗಾಜನ್ನು ಎರಡು ಬೆರಳಲ್ಲಿ ಹಿಡಿದು ಉಳಿಯ ಮೇಲಿಡಬೇಕು. ಸುತ್ತಿಗೆ ಸರಿಯಾಗಿ ಅದರ ನೆತ್ತಿಗೇ ಬೀಳಬೇಕು. ಬಲ ಹಾಕಬಾರದು, ಸುತ್ತಿಗೆಯ ಭಾರವೇ ಸಾಕು. ಹೆಬ್ಬೆರಳಿಗೆ ಸುತ್ತಿರುವ ಬ್ಯಾಂಡೇಜ್ ನಾನು ಬಲ ಹಾಕಿದ್ದಕ್ಕೆ ಸಾಕ್ಷಿ.

ಈ ಗಾಜಿಗೆ ಸ್ಮಾಲ್ತಿ ಎನ್ನುತ್ತಾರೆ. ಲೋಹದ ಆಕ್ಸೈಡ್ ಸೇರಿಸಿ ಬಣ್ಣ ಬರಿಸಿದ ದಪ್ಪ ಗಾಜು. ಕುಲುಮೆಯಿಂದ ತೆಗೆದು ದೋಸೆ ಹಾಗೆ ಗುಂಡಗೆ ಹರಡುತ್ತಾರೆ. ಅದಕ್ಕೆ ಅಲ್ಲಿ ಪಿಜ್ಜಾ ಅಂತಲೇ ಹೆಸರು, ಇಟಲಿ ಅಲ್ವಾ! ಚಿನ್ನದ ಬಿಲ್ಲೆ ಮಾತ್ರ ಬೇರೆ ಜಾತಿ. ಕೆಳಗೆ ಗಾಜು, ನಡುವೆ ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು ಚಿನ್ನದ ರೇಕು, ಮೇಲೆ ಮತ್ತೆ ತೆಳ್ಳನೆಯ ಗಾಜು. ಇನ್ನು ಮುತ್ತುಗಳು ಗಾಜೇ ಅಲ್ಲ. ಸಾನ್ ವಿಟಾಲೆಯಲ್ಲಿ ಅವಕ್ಕೆ ಹಾಕಿರುವುದು ಮುತ್ತಿನ ಚಿಪ್ಪು. ನನ್ನವೂ ಅದೇ.

ಆಗಿನ ಮೇಸ್ತ್ರಿಗಳು ಗೋಡೆಗೆ ಪದರ ಪದರವಾಗಿ ಗಾರೆ ಬಳಿದು, ಕೊನೆಯ ಪದರ ಒಣಗುವುದರೊಳಗೆ ಎಷ್ಟು ಸಾಧ್ಯವೋ ಅಷ್ಟು ಒತ್ತಿ ಮುಗಿಸುತ್ತಿದ್ದರು. ನನ್ನಂಥವರಿಗೆ ಆ ಅವಸರ ಆಗಿಬರುವುದಿಲ್ಲ. ಅದಕ್ಕೇ ಸದ್ಯಕ್ಕೆ ಚೌಕಟ್ಟಿನೊಳಗೆ ಅರಳಿದ ಸುಣ್ಣ, ಗಾರೆ ಆಮೇಲೆ. ಎಲೆಗೆ ಹಚ್ಚುವ ಸುಣ್ಣದಷ್ಟು ನುಣುಪು. ಒದ್ದೆ ಬಟ್ಟೆ ಮುಚ್ಚಿಟ್ಟರೆ ದಿನಗಟ್ಟಲೆ ಮೆತ್ತಗಿರುತ್ತದೆ. ತಪ್ಪಾದರೆ ಕಿತ್ತು ಮತ್ತೆ ಇಡಬಹುದು.

ನಾನು ಕಿತ್ತೆ. ಜಾಸ್ತಿಯೇ ಕಿತ್ತೆ.

ಮೂರು ದಿನ ಕೂತು ಚಿನ್ನದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ್ದೆ. ಅಂಗೈ ಸವರಿದರೆ ಒಂದೂ ತಗುಲುತ್ತಿರಲಿಲ್ಲ. ಒಳಗೊಳಗೇ ಜಂಬ ಬೇರೆ. ಮೇಡಂ ಏನೂ ಹೇಳಲಿಲ್ಲ. ಲೈಟ್ ಆರಿಸಿ ಒಂದು ಮೇಣದಬತ್ತಿ ಹಚ್ಚಿ ಪಕ್ಕಕ್ಕೆ ಹಿಡಿದರು. ನನ್ನ ಚಿನ್ನ ಮಂಕಾಗಿ, ಕಂದು ಬಣ್ಣದ ಬಚ್ಚಲ ಟೈಲ್ಸ್ ಹಾಗೆ ಕಂಡಿತು. ಎಲ್ಲವೂ ಒಂದೇ ದಿಕ್ಕಿಗೆ ಬೆಳಕು ಎಸೆಯುತ್ತಿದ್ದವು, ಆ ದಿಕ್ಕಿನಲ್ಲಿ ನಾನಿರಲಿಲ್ಲ. ಅವರು ಚಿಮಟ ತಗೊಂಡು ಒಂದೊಂದನ್ನೇ ಸುಮ್ನೆ ಹೀಗೆ ಓರೆ ಮಾಡಿದರು. ಒಂದು ಮುಂದಕ್ಕೆ, ಒಂದು ಎಡಕ್ಕೆ. ಹತ್ತು ಬಿಲ್ಲೆ ಆಗುವಷ್ಟರಲ್ಲಿ ಆ ಮೂಲೆ ಮಿಣಮಿಣ ಎನ್ನತೊಡಗಿತು. ಉಳಿದದ್ದನ್ನು ನನಗೆ ಬಿಟ್ಟು ಕಾಫಿಗೆ ಹೋದರು.

ಆ ಸಂಜೆ ಸಾನ್ ವಿಟಾಲೆಗೆ ಮತ್ತೆ ಓಡಿದೆ. ಅದೇ ಗೋಡೆ ಮೊದಲೂ ನೋಡಿದ್ದೆ, ಆದರೆ ಈಗ ರಾಣಿಯನ್ನು ನೋಡಲಿಲ್ಲ. ಸೊಟ್ಟ ಬಿಲ್ಲೆಗಳನ್ನು ನೋಡಿದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೊಳಪೂ ಸರಿಯುತ್ತದೆ. ವಿಡಿಯೊದಲ್ಲಿ ಇದು ಸಿಗುವುದಿಲ್ಲ, ಬೈಯಬೇಡಿ.

ಇವತ್ತು ಕೊನೆಯ ದಿನ. ಚಿತ್ರದ ಮುಂಭಾಗದ ಮೇಲೆ ಅಂಟು ಸವರಿದ ತೆಳು ಬಟ್ಟೆ ಹಾಕಿ, ಒಣಗಿಸಿ, ಮಗುಚಿ, ಹಿಂದಿನ ಸುಣ್ಣ ಕೆರೆದು, ಗಾರೆಯಲ್ಲಿ ಕೂರಿಸಿ ಆಗಿದೆ. ಈಗ ಬಿಸಿನೀರು ಹಾಕಿ ಬಟ್ಟೆ ಬಿಡಿಸಬೇಕು. ಬಂತು... ಬಂತು... ಚಿನ್ನ ಎಲ್ಲ ಕೂತಿದೆ! ನಾಲ್ಕನೇ ಮುತ್ತು ಮಾತ್ರ ಬಟ್ಟೆಯ ಜೊತೆಗೇ ಎದ್ದು ಬಂದು ಬಕೆಟ್‌ಗೆ ಬಿತ್ತು. ಅಂಗಿಯ ತೋಳು ಮಡಚಿಕೊಂಡು ಸುಣ್ಣದ ನೀರಲ್ಲಿ ತಡಕಾಡುತ್ತಿರುವವಳು ನಾನೇ.