ಐದೇ ದಿನದಲ್ಲಿ ಸೋಲು, ಕಪ್: 2022ರ ಚೀನಾ ಫುಟ್‌ಬಾಲ್

[ತೆರೆಯ ಮೇಲೆ: ಫೆಬ್ರವರಿ 1, 2022. ಹನೋಯ್]

ಚೀನಾದಲ್ಲಿ ಅವತ್ತು ಹೊಸ ವರ್ಷದ ಹಬ್ಬ. ಹನೋಯ್‌ನಲ್ಲಿ ಚೀನಾ ಪುರುಷರ ತಂಡಕ್ಕೆ ವಿಶ್ವಕಪ್ ಅರ್ಹತಾ ಪಂದ್ಯ, ಎದುರಾಳಿ ವಿಯೆಟ್ನಾಂ. ಆ ಸುತ್ತಿನಲ್ಲಿ ಅಲ್ಲಿವರೆಗೆ ಒಂದೇ ಒಂದು ಪಾಯಿಂಟ್ ಗಳಿಸದ ತಂಡ ಅದು. 16ನೇ ನಿಮಿಷಕ್ಕೇ ವಿಯೆಟ್ನಾಂ 2-0 ಮುಂದೆ! ಕೊನೆಗೆ 3-1. ಚೀನಾದ ಆ ಒಂದು ಗೋಲೂ ಇಂಜುರಿ ಟೈಮ್‌ನಲ್ಲಿ ಬಂದದ್ದು. ಕತಾರ್ ವಿಶ್ವಕಪ್ ಆಸೆ ಅಲ್ಲಿಗೆ ಮುಗೀತು.

[ತೆರೆಯ ಮೇಲೆ: ಫೆಬ್ರವರಿ 6. ನವಿ ಮುಂಬೈ]

ಐದೇ ದಿನ ಕಳೆದಿದೆ. ಮಹಿಳಾ ಏಷ್ಯಾ ಕಪ್ ಫೈನಲ್, ಡಿ.ವೈ. ಪಾಟೀಲ್ ಸ್ಟೇಡಿಯಂ. ಟೂರ್ನಿ ನಡೆದದ್ದು ನಮ್ಮ ದೇಶದಲ್ಲೇ. ಆದರೆ ನಮ್ಮ ಹುಡುಗಿಯರ ತಂಡಕ್ಕೇ ಕೋವಿಡ್ ತಗುಲಿ, ಅವರು ನಡುವಲ್ಲೇ ಹೊರಬೀಳಬೇಕಾಯ್ತು. ಹಾಗಾಗಿ ಈ ಫೈನಲ್ ಇಲ್ಲಿ ಜಾಸ್ತಿ ಜನ ನೋಡಲೇ ಇಲ್ಲ. ನೋಡಬೇಕಿತ್ತು.

ಹಾಫ್‌ಟೈಮ್‌ಗೆ ಚೀನಾ ಎದುರು ದಕ್ಷಿಣ ಕೊರಿಯಾ 2-0 ಮುಂದಿತ್ತು. 68ನೇ ನಿಮಿಷ, ಟಾಂಗ್ ಜಿಯಾಲಿ ಪೆನಾಲ್ಟಿ ಗೋಲು. ನಾಲ್ಕು ನಿಮಿಷಕ್ಕೆ ಇನ್ನೊಂದು. ಹೊಡೆದವಳು ಝಾಂಗ್ ಲಿನ್‌ಯಾನ್, ಆಳು ಗಿಡ್ಡ, ಗೋಲು ಮಾತ್ರ ತಲೆಯಿಂದ! 90 ನಿಮಿಷ ದಾಟಿದ ಮೇಲೆ ಶಿಯಾವೊ ಯುಯಿ ಮೂರನೆಯದು. 3-2. ಚೀನಾಗೆ ಒಂಬತ್ತನೇ ಏಷ್ಯಾ ಕಪ್, 2006ರ ನಂತರ ಮೊದಲನೆಯದು.

ಸೆಮಿಫೈನಲ್ ಕೂಡ ಹಾಗೇ. ಜಪಾನ್ ಎದುರು ವಾಂಗ್ ಶಾನ್‌ಶಾನ್ ಸಮ ಮಾಡಿದ್ದು 119ನೇ ನಿಮಿಷದಲ್ಲಿ, ಆಮೇಲೆ ಶೂಟೌಟ್‌ನಲ್ಲಿ ಗೆಲುವು. ಹಿಂದಿನ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್ ಕೈಲಿ 8-2 ಏಟು ತಿಂದಿದ್ದ ತಂಡ ಇದು. ಕೋಚ್ ಶುಯಿ ಚಿಂಗ್‌ಶಿಯಾ ಬಂದು ಮೂರು ತಿಂಗಳೂ ಆಗಿರಲಿಲ್ಲ.

ಹಾಗಾದರೆ ಗಂಡಸರಿಗೆ ಏನಾಗಿತ್ತು? ದುಡ್ಡಿನ ಕೊರತೆ ಅಂತೂ ಅಲ್ಲ. ಬಂದ ದುಡ್ಡು ಎಂಥದ್ದು ಅನ್ನೋದೇ ನನ್ನ ಪ್ರಕಾರ ಪ್ರಶ್ನೆ.

[ತೆರೆಯ ಮೇಲೆ: ಗುವಾಂಗ್‌ಝೌ]

ಗುವಾಂಗ್‌ಝೌ ಕ್ಲಬ್ ಎಂಟು ಸಲ ಚೀನಾ ಲೀಗ್ ಚಾಂಪಿಯನ್, ಎರಡು ಸಲ ಏಷ್ಯಾ ಚಾಂಪಿಯನ್. ಹಿಂದೆ ನಿಂತಿದ್ದು ಎವರ್‌ಗ್ರಾಂಡ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿ. ಆ ಕಂಪನಿ ಸಾಲದಲ್ಲಿ ಮುಳುಗಿತು, ಕ್ಲಬ್ಬೂ ಜೊತೆಗೇ ಮುಳುಗಿತು. 2022ರ ಏಷ್ಯನ್ ಚಾಂಪಿಯನ್ಸ್ ಲೀಗ್‌ಗೆ ಹೋಗಿದ್ದು ಎಳೆ ಹುಡುಗರ ತಂಡ. ಜಪಾನಿನ ಕವಾಸಾಕಿ 8-0 ಹೊಡೆಯಿತು. ಪಾಪ, ಹುಡುಗರದ್ದೇನು ತಪ್ಪು? ವರ್ಷದ ಕೊನೆಗೆ ಗುವಾಂಗ್‌ಝೌ ಎರಡನೇ ದರ್ಜೆಗೆ ಇಳಿಯಿತು. ಚೋಂಗ್‌ಚಿಂಗ್ ಕ್ಲಬ್ ಇನ್ನೂ ಬೇಗ, ಲೀಗ್ ಶುರುವಾಗುವ ಮುಂಚೆ ಮೇ ತಿಂಗಳಲ್ಲೇ ಬಾಗಿಲು ಹಾಕಿತು. ಅದೇ ಮೇನಲ್ಲಿ ಕೋವಿಡ್ ಕಾರಣಕ್ಕೆ 2023ರ ಪುರುಷರ ಏಷ್ಯಾ ಕಪ್ ಆತಿಥ್ಯವನ್ನೂ ಚೀನಾ ಬಿಟ್ಟುಕೊಟ್ಟಿತು. ಹತ್ತು ನಗರಗಳಲ್ಲಿ ತಯಾರಿ ನಡೆದಿತ್ತು!

ಲೀಗ್ ಗೆದ್ದವರು ವುಹಾನ್ ತ್ರೀ ಟೌನ್ಸ್. 2020ರಲ್ಲಿ ಮೂರನೇ ದರ್ಜೆ, 2021ರಲ್ಲಿ ಎರಡನೆಯದು, 2022ರಲ್ಲಿ ಮೊದಲನೆಯದು, ವರ್ಷಕ್ಕೊಂದು ಕಪ್. ಶಾಂಡೋಂಗ್ ತಂಡಕ್ಕೂ ಅಷ್ಟೇ ಪಾಯಿಂಟ್, 78. ಗೋಲುಗಳ ಅಂತರದಲ್ಲಿ ವುಹಾನ್ ಗೆದ್ದಿತು. ಡಿಸೆಂಬರ್ 31ರ ಕೊನೇ ಪಂದ್ಯ ಆಡಲೂ ಇಲ್ಲ. ಟಿಯಾನ್‌ಜಿನ್ ತಂಡ ಮೈದಾನಕ್ಕೆ ಬರಲಿಲ್ಲ, 3-0 ಸುಮ್ನೆ ಸಿಕ್ಕಿತು.

[ತೆರೆಯ ಮೇಲೆ: ನವೆಂಬರ್ 26]

ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿರುವಾಗಲೇ ಸುದ್ದಿ ಬಂತು: ಲಿ ಟಿಯೆ ಮೇಲೆ ತನಿಖೆ. 2002ರ ವಿಶ್ವಕಪ್ ಆಡಿದವರು, ಇಂಗ್ಲೆಂಡಿನ ಎವರ್ಟನ್‌ಗೆ ಆಡಿದವರು, 2021ರ ಡಿಸೆಂಬರ್‌ವರೆಗೆ ರಾಷ್ಟ್ರೀಯ ತಂಡದ ಕೋಚ್. ಆ ಕುರ್ಚಿಗಾಗಿಯೇ ಒಟ್ಟು 30 ಲಕ್ಷ ಯುವಾನ್ ಲಂಚ ಹೋಗಿತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. 2024ರ ಡಿಸೆಂಬರ್‌ನಲ್ಲಿ 20 ವರ್ಷ ಜೈಲು. ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಚೆನ್ ಶುಯುವಾನ್‌ಗೆ ಅದಕ್ಕೂ ಮೊದಲೇ ಜೀವಾವಧಿ ಶಿಕ್ಷೆ ಆಗಿತ್ತು.