ಫ್ರೇಮಿನ ದುಡ್ಡು

ಕೇಳುಗರೇ, ನಮಸ್ಕಾರ.

ನನ್ನ ಮೊದಲ ಪ್ರದರ್ಶನಕ್ಕೆ ಹದಿನಾಲ್ಕು ಚಿತ್ರ ಹೊತ್ತುಕೊಂಡು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದೆ. ಟೆಂಪೋದಲ್ಲಿ ಫ್ರೇಮಿಗೂ ಫ್ರೇಮಿಗೂ ನಡುವೆ ಹಳೇ ಬೆಡ್‌ಶೀಟು, ಅಮ್ಮನ ಎರಡು ಹತ್ತಿ ಸೀರೆ. ಅಷ್ಟು ಮಾಡಿದರೂ ಶಿರಾ ದಾಟುವಷ್ಟರಲ್ಲಿ ಒಂದು ಗಾಜು ಬಿರುಕು ಬಿಟ್ಟಿತ್ತು. ಊರಿಗೆ ವಾಪಸು ಬಂದು ಲೆಕ್ಕ ಬರೆದೆ. ಬಣ್ಣ, ಕಾಗದ, ಬ್ರಷ್ಷು ಎಲ್ಲ ಸೇರಿಸಿದರೂ ಫ್ರೇಮ್ ಅಂಗಡಿಯ ಬಿಲ್ಲು ಅದರ ಮೂರು ಪಟ್ಟು. ಅದರ ಮೇಲೆ ಗ್ಯಾಲರಿ ಬಾಡಿಗೆ, ಟೆಂಪೋ, ಆಹ್ವಾನ ಪತ್ರಿಕೆ, ಉದ್ಘಾಟನೆಯ ದಿನದ ಕಾಫಿ ಬಿಸ್ಕತ್ತು. ವಾರವಿಡೀ ಕೂತು ಮಾರಿದ್ದು ಎರಡು ಚಿತ್ರ. ಅದರಲ್ಲಿ ಒಂದನ್ನು ಕೊಂಡವರು ನಮ್ಮ ಸೋದರಮಾವ.

ಚಿತ್ರ ಬರೆಯುವುದಕ್ಕಿಂತ ಅದನ್ನು ನಾಲ್ಕು ಜನಕ್ಕೆ ತೋರಿಸುವುದಕ್ಕೇ ದುಡ್ಡು ಜಾಸ್ತಿ ಬೇಕು. ಫೋಟೋದವರ ಪಾಡೂ ಇದೇ. ಫೋಟೋ ತೆಗೆಯುವಾಗ ಖರ್ಚು ಕಾಣುವುದಿಲ್ಲ. ಒಳ್ಳೆ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುವ ಹೊತ್ತಿಗೆ ಕಾಣುತ್ತದೆ. ಆ ದುಡ್ಡು ಯಾರ ಹತ್ತಿರ ಇದೆ, ಅದನ್ನು ಹೇಗೆ ಕೇಳಬೇಕು ಅಂತ ಇವತ್ತು ಮಾತಾಡೋಣ.

ಮೊದಲು ತೋರಿಸುವ ಜಾಗ. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆ ನಿಮಗೆ ಗೊತ್ತೇ ಇದೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ್ದು. ಒಂದೇ ಒಂದು ಭಾನುವಾರ, ರಸ್ತೆಯುದ್ದಕ್ಕೂ ಸಾವಿರಕ್ಕೂ ಹೆಚ್ಚು ಕಲಾವಿದರು. ನಾನು ಮೊದಲ ಸಲ ಹೋದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಪಕ್ಕದ ಮಳಿಗೆಗೆ ಬೇರೆ ರಾಜ್ಯದಿಂದ ರೈಲಿನಲ್ಲಿ ಬಂದಿದ್ದ ಒಬ್ಬರು ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಚಿತ್ರ ಸಿಕ್ಕಿಸುತ್ತಿದ್ದರು. ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಇಲ್ಲ. ಒಬ್ಬ ಹೆಂಗಸು ಬಂದು, "ಇದೇ ಚಿತ್ರ ನೀಲಿ ಬಣ್ಣದಲ್ಲಿ ಇದೆಯಾ? ನಮ್ಮ ಸೋಫಾ ನೀಲಿ" ಅಂದರು. ನಗಬೇಡಿ. ಸಂಜೆ ಅವರೇ ತಿರುಗಿ ಬಂದು ಆ ಕೆಂಪು ಚಿತ್ರವನ್ನೇ ಕೊಂಡುಹೋದರು.

ಚಿತ್ರಸಂತೆಯನ್ನು ಮೂಗು ಮುರಿದು ನೋಡುವ ಕಲಾವಿದರು ಇದ್ದಾರೆ. ಅದು ಸಂತೆ, ಪ್ರದರ್ಶನ ಅಲ್ಲ ಅಂತಾರೆ. ಸಂತೆ ಅಂತ ಹೆಸರಲ್ಲೇ ಇದೆಯಲ್ಲ ಸ್ವಾಮಿ! ಕೊಳ್ಳುವವರು ದುಡ್ಡನ್ನು ನೇರವಾಗಿ ನಿಮ್ಮ ಕೈಗೇ ಕೊಡುತ್ತಾರೆ. ಆದರೆ ಅರ್ಜಿಯನ್ನು ತಿಂಗಳುಗಳ ಮುಂಚೆಯೇ ಹಾಕಬೇಕು. ಡಿಸೆಂಬರ್ ಕೊನೆಗೆ ನೆನಪಾದರೆ ಪ್ರಯೋಜನ ಇಲ್ಲ. ಹೋಗುವವರು ದೊಡ್ಡ ಕ್ಯಾನ್ವಾಸಿನ ಜೊತೆ ಕೈಯಲ್ಲಿ ಹಿಡಿದು ಮೆಟ್ರೋ ಹತ್ತಬಹುದಾದ ಸಣ್ಣ ಚಿತ್ರಗಳನ್ನೂ ಇಟ್ಟುಕೊಳ್ಳಿ. ಸುತ್ತಿ ಕೊಡಲು ಪ್ಲಾಸ್ಟಿಕ್ ಹಾಳೆ, ಫೋನ್ ನಂಬರ್ ಇರುವ ಕಾರ್ಡು ಮರೆಯಬೇಡಿ.

ವಾರಗಟ್ಟಲೆ ಚಿತ್ರ ತೂಗುಹಾಕಬೇಕು ಅಂದರೆ ಬಾಡಿಗೆ ಗ್ಯಾಲರಿ. ಪರಿಷತ್ತಿನ ಒಳಗೇ ಗ್ಯಾಲರಿಗಳಿವೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಲಲಿತಕಲಾ ಅಕಾಡೆಮಿಯ ವರ್ಣ ಗ್ಯಾಲರಿ ಇದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಮೇಲೆ ನಮ್ಮವರಿಗೆ ಬೇರೆಯೇ ಮಮತೆ. ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನ ಸರ್ಕಾರಿ ಕಟ್ಟಡ ಅದು. 2016ರಲ್ಲಿ ಅದನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಯಾಕೆ ಅಷ್ಟು ಸಿಟ್ಟು ಅಂತ ಆಗ ಕೆಲವರಿಗೆ ಅರ್ಥ ಆಗಲಿಲ್ಲ. ಊರಿಂದ ಬಂದ ಹುಡುಗನೊಬ್ಬ ಯಾರ ಶಿಫಾರಸೂ ಇಲ್ಲದೆ, ಕೈಗೆಟಕುವ ಬಾಡಿಗೆ ಕಟ್ಟಿ, ತನ್ನ ಚಿತ್ರ ತೂಗುಹಾಕಬಹುದಾದ ಗೋಡೆ ಬೆಂಗಳೂರಿನಲ್ಲಿ ಎಷ್ಟಿದೆ ಹೇಳಿ?

ಖಾಸಗಿ ಗ್ಯಾಲರಿ ಬಾಡಿಗೆ ಕೇಳದೆ ಕಮಿಷನ್ ಕೇಳಬಹುದು. ಮಾರಿದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಹೋಗುತ್ತದೆ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಕೊಳ್ಳುವವರನ್ನು ಅವರು ಕರೆಸುತ್ತಾರೆ, ನಮ್ಮ ಕೈಲಿ ಅದು ಆಗುವುದಿಲ್ಲ. ಆದರೆ ಕಾಗದದ ಮೇಲೆ ಬರೆಸಿಕೊಳ್ಳಿ. ಎಷ್ಟು ಪಾಲು, ದುಡ್ಡು ಯಾವಾಗ ಕೈಗೆ ಬರುತ್ತದೆ, ಗಾಜು ಒಡೆದರೆ ಯಾರ ಲೆಕ್ಕ ಅನ್ನುವುದೆಲ್ಲ ಅದರಲ್ಲಿ ಇರಲಿ.

ಮೋಸ ಅಂದರೆ ಇನ್ನೊಂದು. ಒಂದು ದಿನ ನನಗೆ ಇ-ಮೇಲ್ ಬಂತು. "ಅಭಿನಂದನೆಗಳು, ವಿದೇಶದ ಕಲಾಮೇಳಕ್ಕೆ ನೀವು ಆಯ್ಕೆಯಾಗಿದ್ದೀರಿ." ನಾನು ಅರ್ಜಿಯನ್ನೇ ಹಾಕಿರಲಿಲ್ಲ! ಆದರೂ ಅರ್ಧ ಗಂಟೆ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಕೆಳಗೆ ನೋಡಿದರೆ ಗೋಡೆಯ ಬಾಬ್ತು ಮೂವತ್ತೈದು ಸಾವಿರ, ಪ್ರಮಾಣಪತ್ರಕ್ಕೆ ಬೇರೆ ದುಡ್ಡು. ನಿಮ್ಮ ಚಿತ್ರವನ್ನು ನೋಡದೆಯೇ ಆಯ್ಕೆ ಮಾಡುವವರು ಆಯ್ಕೆ ಮಾಡುವುದು ನಿಮ್ಮ ಜೇಬನ್ನು.

ಹಾಗಂತ ಶುಲ್ಕ ಕೇಳುವವರೆಲ್ಲ ಕಳ್ಳರಲ್ಲ. ಫೋಟೋಗ್ರಫಿಯ ಸಲೂನುಗಳನ್ನೇ ನೋಡಿ. ಸಲೂನ್ ಅಂದರೆ ಕಟಿಂಗ್ ಶಾಪ್ ಅಲ್ಲ, ಛಾಯಾಚಿತ್ರ ಸ್ಪರ್ಧೆ ಮತ್ತು ಪ್ರದರ್ಶನ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಂಥ ಸಂಸ್ಥೆಗಳ ಸಲೂನಿಗೆ ಪ್ರವೇಶ ಶುಲ್ಕ ಇರುತ್ತದೆ. ಎಫ್‌ಐಎಪಿ ಅನ್ನುವ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದ ಮಾನ್ಯತೆ ಇರುವ ಸಲೂನುಗಳಲ್ಲಿ ಚಿತ್ರಗಳು ಸ್ವೀಕಾರ ಆಗುತ್ತಾ ಹೋದರೆ ಮುಂದೆ ಹೆಸರಿನ ಜೊತೆ ಆ ಒಕ್ಕೂಟ ಕೊಡುವ ಎಎಫ್‌ಐಎಪಿ ಅನ್ನುವ ಬಿರುದು ಬರೆದುಕೊಳ್ಳಬಹುದು. ನಮ್ಮ ರಾಜ್ಯದ ಫೋಟೋಗ್ರಾಫರುಗಳು, ಅದರಲ್ಲೂ ವನ್ಯಜೀವಿಗಳ ಫೋಟೋ ತೆಗೆಯುವವರು, ಈ ದಾರಿಯಲ್ಲಿ ಬಹಳ ಹೆಸರು ಮಾಡಿದ್ದಾರೆ. ಆದರೆ ಆ ಅಕ್ಷರಗಳಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. ಇನ್ನೊಂದು ಕಡೆ, 1955ರಲ್ಲಿ ಶುರುವಾದ, ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ನಡೆಸುವ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಗೆ ಪ್ರವೇಶ ಶುಲ್ಕವೇ ಇಲ್ಲ. ಪತ್ರಿಕೆಗೆ ಫೋಟೋ ತೆಗೆದು ಬದುಕುವ ಹುಡುಗರು ಜಿಲ್ಲೆ ಜಿಲ್ಲೆಯಲ್ಲೂ ಇದ್ದೀರಿ. ಅಲ್ಲಿಗೆ ಎಷ್ಟು ಜನ ಕಳಿಸಿದ್ದೀರಿ? ಇನ್ನೂ ಮೂವತ್ತು ದಾಟದವರಿಗೆ ಬೆಂಗಳೂರಿನದೇ ಆದ ಟೋಟೋ ಫಂಡ್ಸ್ ದಿ ಆರ್ಟ್ಸ್ ಇದೆ. 2004ರಲ್ಲಿ ಶುರುವಾದ ಸಂಸ್ಥೆ, ಫೋಟೋಗ್ರಫಿಗೂ ಬಹುಮಾನ ಕೊಡುತ್ತಾ ಬಂದಿದೆ.

ಇನ್ನು ಕೆಲಸ ಮಾಡುವುದಕ್ಕೇ ದುಡ್ಡು ಕೊಡುವವರು. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಒಂದಿದೆ. ಇಪ್ಪತ್ತೈದರಿಂದ ನಲವತ್ತು ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000 ರೂಪಾಯಿ. ನಲವತ್ತು ದಾಟಿದವರಿಗೆ ಸೀನಿಯರ್, ತಿಂಗಳಿಗೆ 20,000. ಎರಡೂ ಎರಡು ವರ್ಷ. ದುಡ್ಡು ತಿಂಗಳು ತಿಂಗಳು ಸಂಬಳದ ಹಾಗೆ ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬರುತ್ತದೆ. ಅದನ್ನೇ ನಂಬಿ ಸಾಲ ಮಾಡಬೇಡಿ. ಹದಿನೆಂಟರಿಂದ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ತಿಂಗಳಿಗೆ 5,000ದ ವಿದ್ಯಾರ್ಥಿವೇತನ ಬೇರೆ ಇದೆ. ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಚಿತ್ರಕಲೆ, ಶಿಲ್ಪಕಲೆಯ ಪ್ರದರ್ಶನಕ್ಕೆ ಧನಸಹಾಯ ಕೊಡುತ್ತದೆ. ಪ್ರಕಟಣೆ ಬಂದಾಗ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಆ ಪ್ರಕಟಣೆ ದಿನಪತ್ರಿಕೆಯ ಒಳಪುಟದಲ್ಲಿ ಬೆರಳಗಲ ಬಂದು ಹೋಗುತ್ತದೆ. ಯಾರಾದರೂ ವಾಟ್ಸಾಪಿನಲ್ಲಿ ಕಳಿಸುವ ಹೊತ್ತಿಗೆ ಕೊನೇ ದಿನ ನಿನ್ನೆಯೇ ಮುಗಿದಿರುತ್ತದೆ, ಅಲ್ವಾ?

ನನಗೆ ತುಂಬ ಇಷ್ಟವಾದ ಸಂಸ್ಥೆ ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಹುಟ್ಟಿತು, 1995ರಿಂದ ಅನುದಾನ ಕೊಡುತ್ತಿದೆ. ಇಷ್ಟವಾಗಲು ಕಾರಣ ಸರಳ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಎಷ್ಟೋ ಒಳ್ಳೆ ಕಲಾವಿದರು ಇಂಗ್ಲಿಷ್ ಫಾರ್ಮ್ ನೋಡಿಯೇ ಹಿಂದೆ ಸರಿದುಬಿಟ್ಟಿದ್ದಾರೆ. ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟರುಗಳೇ, ನಿಮಗೂ ಅಲ್ಲಿ "ಕಲಿ-ಕಲಿಸು" ಅನ್ನುವ ಕಾರ್ಯಕ್ರಮದ ಬಾಗಿಲಿದೆ.

ಅರ್ಜಿ ಅಂದಾಗ ಒಂದು ಮಾತು. ಆಯ್ಕೆ ಸಮಿತಿಯವರು ಮೊದಲು ನೋಡುವುದು ನಿಮ್ಮ ಚಿತ್ರವನ್ನಲ್ಲ, ನಿಮ್ಮ ಚಿತ್ರದ ಫೋಟೋವನ್ನು. ನನ್ನ ಮೊದಲ ಅರ್ಜಿಗೆ ಮನೆಯ ಹಜಾರದಲ್ಲಿ ಮೊಬೈಲಿನಿಂದ ತೆಗೆದ ಫೋಟೋ ಕಳಿಸಿದ್ದೆ. ಗಾಜಿನ ಮೇಲೆ ಟ್ಯೂಬ್‌ಲೈಟು ಉದ್ದಕ್ಕೆ ಬಿಳಿ ಗೆರೆ ಎಳೆದಿತ್ತು. ಒಂದು ಮೂಲೆಯಲ್ಲಿ ಕ್ಯಾಲೆಂಡರಿನ ಲಕ್ಷ್ಮಿ, ಇನ್ನೊಂದು ಮೂಲೆಯಲ್ಲಿ ನನ್ನದೇ ಹೆಬ್ಬೆಟ್ಟು. ಆ ಅರ್ಜಿಗೆ ಉತ್ತರವೂ ಬರಲಿಲ್ಲ. ಈಗ ಫ್ರೇಮ್ ಹಾಕುವ ಮುಂಚೆಯೇ ಚಿತ್ರವನ್ನು ವರಾಂಡಕ್ಕೆ ತರುತ್ತೇನೆ. ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿಸಿಲು ನೇರವಾಗಿ ಬೀಳದ ಕಡೆ ಗೋಡೆಗೆ ಒರಗಿಸಿ, ಚಿತ್ರ ಎಷ್ಟು ಓರೆಯಾಗಿದೆಯೋ ಕ್ಯಾಮೆರಾವನ್ನೂ ಅಷ್ಟೇ ಓರೆಯಾಗಿಟ್ಟು ತೆಗೆಯುತ್ತೇನೆ. ಹೆಸರು, ಅಳತೆ, ಮಾಧ್ಯಮ, ವರ್ಷ ಅಂದೇ ಬರೆದಿಡುತ್ತೇನೆ. ಕಲೆಯ ಬಗ್ಗೆ ಹೇಳಿಕೆ ಬರೆಯಿರಿ ಅಂತ ಕೇಳುತ್ತಾರಲ್ಲ, ಅಲ್ಲಿ "ಪ್ರಕೃತಿಯ ಅನಂತ ಸೌಂದರ್ಯ" ಅಂತೆಲ್ಲ ಬರೆಯಬೇಡಿ. ನಮ್ಮೂರ ಕೆರೆ ಒಣಗಿದ ಮೇಲೆ ಅಲ್ಲಿ ಏನೇನು ಸಿಕ್ಕಿತೋ ಅದರ ಚಿತ್ರ ಬರೆಯುತ್ತಿದ್ದೇನೆ ಅನ್ನಿ. ಓದುವವರು ಅಲ್ಲಿ ನಿಲ್ಲುತ್ತಾರೆ.

ನನ್ನ ಗೆಳೆಯನೊಬ್ಬ ಹೀಗೇ ಒಂದು ಅರ್ಜಿ ಹಾಕಿದ್ದ. ಊರೂರು ಸುತ್ತಿ ಹಳೇ ಫೋಟೋ ಸ್ಟುಡಿಯೋಗಳ ಹಿಂಪರದೆಗಳ ಫೋಟೋ ತೆಗೆಯುವ ಕೆಲಸ. ಬಜೆಟ್ಟಿನಲ್ಲಿ ಬಸ್ ಚಾರ್ಜು, ಲಾಡ್ಜು, ಪ್ರಿಂಟು, ಹಾರ್ಡ್ ಡಿಸ್ಕು ಎಲ್ಲ ಪೈಸೆ ಪೈಸೆ ಬರೆದಿದ್ದ. ಕಲಾವಿದರ ಸಂಭಾವನೆ ಅನ್ನುವ ಕಡೆ ಸೊನ್ನೆ ಹಾಕಿದ್ದ. ಜಾಸ್ತಿ ಕೇಳಿದರೆ ಕೊಡುವುದಿಲ್ಲವೇನೋ ಅಂತ ಹೆದರಿಕೆ, ಸ್ವಲ್ಪ ನಾಚಿಕೆ ಕೂಡ. ಕೆಲವು ದಿನ ಬಿಟ್ಟು ಆ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು.

"ಎಲ್ಲ ಚೆನ್ನಾಗಿದೆ ಸರ್. ಆದರೆ ಈ ಒಂದು ವರ್ಷ ನೀವು ಊಟಕ್ಕೆ ಏನು ಮಾಡ್ತೀರಿ?"

"ಅದು ಹೇಗೋ ಆಗುತ್ತೆ ಮೇಡಂ" ಅಂದನಂತೆ ಇವನು.

"ಹೇಗೋ ಅನ್ನೋದಕ್ಕೆ ನಮ್ಮ ಫಾರ್ಮಿನಲ್ಲಿ ಜಾಗ ಇಲ್ಲ. ಆ ಸೊನ್ನೆ ತಿದ್ದಿ ಸೋಮವಾರದೊಳಗೆ ಕಳಿಸಿ."

ಅವನು ಆ ರಾತ್ರಿಯೇ ನನಗೆ ಫೋನ್ ಮಾಡಿ ಕೇಳಿದ, ಎಷ್ಟು ಬರೀಲೋ ಅಂತ. ನಾವಿಬ್ಬರೂ ಹನ್ನೊಂದು ಗಂಟೆಯವರೆಗೆ ಕೂತು ಅವನ ಮನೆಯ ದಿನಸಿ ಚೀಟಿಯಿಂದ ಲೆಕ್ಕ ಶುರು ಮಾಡಿದೆವು.

ನಮಸ್ಕಾರ.